ಬೋರ್ಡ್ ಬರೆಯುವವನ ದಿನಚರಿಯಿಂದ

ಲಕ್ಕವಳ್ಳಿ
ಫೆಬ್ರುವರಿ 9, 2025, ಭಾನುವಾರ

ಈ ವಾರ ಅಂಗಡಿಗೆ ಬಂದ ಕೆಲಸ: ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ನಂಬರು, ಒಂದು ಆಟೊ ಹಿಂದೆ ‘ತಾಯಿಯ ಆಶೀರ್ವಾದ’, ಅಡಿಕೆ ವ್ಯಾಪಾರದವರೊಬ್ಬರ ತಗಡಿನ ಬೋರ್ಡಿನಲ್ಲಿ ಹಳೇ ಫೋನ್ ನಂಬರು ಅಳಿಸಿ ಹೊಸದು ಬರೆಯುವುದು. ಅಷ್ಟೇ. ಫ್ಲೆಕ್ಸ್ ಬರುವ ಮುಂಚೆ ಇಲ್ಲಿಂದ ತರೀಕೆರೆವರೆಗೂ ಗೋಡೆಗಳೆಲ್ಲ ನಮ್ಮವೇ ಆಗಿದ್ದವು. ಸಿಮೆಂಟು, ಗೊಬ್ಬರ, ಬಿತ್ತನೆ ಬೀಜ, ಚುನಾವಣೆ ಎಲ್ಲವೂ ನಮ್ಮ ಬ್ರಷ್ಷಿನಿಂದಲೇ ಊರಿಗೆ ತಿಳಿಯಬೇಕಿತ್ತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ, ಗಟ್ಟಿಯಾಗಿದ್ದ ಡಬ್ಬಿಗಳ ಮುಚ್ಚಳ ಮತ್ತೆ ತೆಗೆಯಬಹುದು ಅಂದುಕೊಂಡಿದ್ದೆವು. ನಿಷೇಧ ಕಾಗದದಲ್ಲಿ ಉಳಿಯಿತು, ಫ್ಲೆಕ್ಸ್ ಕಂಬದಲ್ಲಿ ಉಳಿಯಿತು.

ನನಗೆ ಅದರಿಂದ ಒಂದು ಲಾಭವೂ ಆಗಿದೆ. ಹಳೇ ಫ್ಲೆಕ್ಸಿನ ಬೆನ್ನು ಬಿಳಿ, ಗಟ್ಟಿ, ದುಡ್ಡಿಲ್ಲದೆ ಸಿಗುತ್ತದೆ. ಹುಟ್ಟುಹಬ್ಬದ ಶುಭಾಶಯ ಕೋರಿದ ಮುಖಂಡರೆಲ್ಲ ನನ್ನ ಹಿತ್ತಲ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದಾರೆ. ಅವರ ಬೆನ್ನ ಮೇಲೆ ನಾನು ರಾತ್ರಿ ಹೊತ್ತು ಚಿತ್ರ ಬರೆಯುತ್ತೇನೆ.

ಈ ರಾತ್ರಿ ಕೆಲಸಕ್ಕೆ ಗಿರಾಕಿ ಇಲ್ಲ. ಯಾರೂ ಬರಿ ಅಂದದ್ದಲ್ಲ. ಹೋದ ಶ್ರಾವಣದಲ್ಲಿ ಅವ್ವ ತೀರಿಕೊಂಡ ಮೇಲೆ ಹತ್ತಿಕೊಂಡದ್ದು. ತೊಂದರೆ ಏನೆಂದರೆ ನನ್ನ ಕೈ ತುಂಬ ಚೊಕ್ಕ. ಕೆಲಸ ಕಲಿಸಿದ ಮೇಸ್ತ್ರಿ ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡೂ ತುದಿ ಎಳೆದು ಹಿಡಿದು ಮೀಟಿ, ಆ ಗೆರೆಯ ಮೇಲೆ ಅಕ್ಷರ ಕೂರಿಸುವುದನ್ನು ಹೇಳಿಕೊಟ್ಟಿದ್ದರು. ಒತ್ತಕ್ಷರಕ್ಕೆ ಮೊದಲೇ ಕೆಳಗೆ ಜಾಗ ಲೆಕ್ಕ ಹಾಕು, ಗೆರೆ ಮುಗಿಯುವ ತನಕ ಉಸಿರು ಬಿಡಬೇಡ, ಅಂಚು ನಡುಗಿದರೆ ಬೋರ್ಡ್ ವಾಪಸ್. ಆ ಶಿಸ್ತು ಈಗ ಮುಖಕ್ಕೂ ಬಂದುಬಿಟ್ಟಿದೆ. ಅವ್ವನ ಹುಬ್ಬು ಬರೆಯಲು ಹೋದರೆ ತಲೆಕಟ್ಟು ಆಗುತ್ತದೆ. ಎರಡು ಕಣ್ಣೂ ಸಮ, ತುಟಿಗೆ ಔಟ್‌ಲೈನ್, ಕೆನ್ನೆಗೆ ಶೇಡ್. ಕ್ಯಾಲೆಂಡರಿನಲ್ಲಿ ಕೂತ ದೇವಿಯಾಗುತ್ತಾಳೆಯೇ ಹೊರತು ಅವ್ವ ಬರುವುದಿಲ್ಲ. ಒಳಗೆ ಏನು ಕುದಿಯುತ್ತದೋ ಅದರಲ್ಲಿ ಒಂದು ಹನಿಯೂ ಬ್ರಷ್ಷಿನ ತುದಿಗೆ ಇಳಿಯುವುದಿಲ್ಲ.

ಇವತ್ತಿನಿಂದ ಒಂದು ಕಟ್ಟು ಹಾಕಿಕೊಂಡಿದ್ದೇನೆ. ಅಂಗಡಿಯ ಬ್ರಷ್, ಅಂಗಡಿಯ ಎನಾಮಲ್ ರಾತ್ರಿ ಕೆಲಸಕ್ಕೆ ಮುಟ್ಟಬಾರದು. ಬೇರೆ ಸಾಮಾನು ಹುಡುಕಬೇಕು.

ಫೆಬ್ರುವರಿ 17, ಸೋಮವಾರ

ಊರಾಚೆ ಯಾರದೋ ಮನೆಗೆ ಪಾಯ ತೆಗೆಯುತ್ತಿದ್ದಾರೆ. ಮೇಲ್ಮಣ್ಣಿನ ಕೆಳಗೆ ದಪ್ಪನೆಯ ಕೆಂಪು ಪದರ. ಅಲ್ಲಿಯವರನ್ನು ಕೇಳಿ ಅರ್ಧ ಚೀಲ ತುಂಬಿಕೊಂಡು ಬಂದೆ. “ಗಿಡ ಹಾಕ್ತೀಯೇನೋ?” ಅಂದರು. ಹೂಂ ಅಂದೆ. ಬಣ್ಣ ಮಾಡ್ತೀನಿ ಅಂದಿದ್ದರೆ ಮಾತು ಉದ್ದವಾಗುತ್ತಿತ್ತು.

ಮಣ್ಣನ್ನು ಬಕೆಟ್ಟಿಗೆ ಹಾಕಿ ನೀರು ಸುರಿದು ಕಲಕಬೇಕು. ಒಂದು ಗಳಿಗೆ ಬಿಟ್ಟರೆ ಕಲ್ಲು, ಮರಳು ತಳಕ್ಕೆ ಕೂರುತ್ತವೆ. ಮೇಲಿನ ಕೆಂಪು ನೀರನ್ನಷ್ಟೇ ಹಳೇ ಪಂಚೆಯಲ್ಲಿ ಸೋಸಿ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು ರಾತ್ರಿಯಿಡೀ ಅಲುಗಾಡಿಸದೆ ಇಡಬೇಕು. ಬೆಳಿಗ್ಗೆ ಮೇಲೆ ತಿಳಿನೀರು, ಅಡಿಯಲ್ಲಿ ಬೆಣ್ಣೆಯಂಥ ಗಸಿ. ನೀರು ಬಸಿದು, ಗಸಿಯನ್ನು ತಟ್ಟೆಯಲ್ಲಿ ಹರವಿ ಒಣಗಿಸಿ, ಅರೆದರೆ ಬಣ್ಣದ ಪುಡಿ. ಅಂಟಿಗೆ ಹುಣಸೆ ಬೀಜ: ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ನುಣ್ಣಗೆ ಅರೆದು ಕುದಿಸಿದ ಸರಿ. ಅವಸರಕ್ಕಾದರೆ ಫೆವಿಕಾಲ್‌ಗೆ ನೀರು ಬೆರೆಸಿದರೂ ಆಗುತ್ತದೆ. ಕಪ್ಪಿಗೆ ಒಲೆಯ ಇದ್ದಿಲು, ಬಿಳಿಗೆ ಸುಣ್ಣ. ಇಷ್ಟರಲ್ಲೇ ನಡೆಸಬೇಕು ಎಂದು ಗೊತ್ತು ಮಾಡಿದ್ದೇನೆ.

ಈ ಕೆಂಪಿನ ಮೂಲ ಕಬ್ಬಿಣ. ನಮ್ಮ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಇಳಿದದ್ದು ಆ ಗುಡ್ಡದಿಂದ. ಈಗ ಅಲ್ಲಿಗೆ ಜನ ತಂಪಿಗೆ, ಹೂದೋಟಕ್ಕೆ ಹೋಗುತ್ತಾರೆ. ಅವ್ವನಿಗೆ ಕೆಮ್ಮಣ್ಣು ಎಂದರೆ ಜಗುಲಿ. ಹಬ್ಬಕ್ಕೆ ಮುಂಚೆ ಜಗುಲಿಗೂ ಗೋಡೆಯ ಬುಡಕ್ಕೂ ಕೆಮ್ಮಣ್ಣು ಬಳಿದು, ಅದರ ಮೇಲೆ ಜೇಡಿಯಿಂದ ಎಳೆ ಬಿಡುತ್ತಿದ್ದಳು. ಬ್ರಷ್ ಇಲ್ಲ, ಬಟ್ಟೆ ಚೂರು ಅದ್ದಿಕೊಂಡು ಮೂರು ಬೆರಳಲ್ಲಿ ಎಳೆಯುತ್ತಿದ್ದಳು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಹಸೆ ಗೋಡೆಗೆ ಚಿತ್ತಾರ ಬರೆಯುವುದೂ ಇಂಥವುಗಳಿಂದಲೇ: ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸೀಯಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅವರು ಯಾವ ಶಾಲೆಗೂ ಹೋಗಿ ಕಲಿತವರಲ್ಲ. ಆದರೆ ತಾಯಿ, ಅತ್ತೆ, ನೆರೆಮನೆಯವಳು ಪಕ್ಕದಲ್ಲಿ ನಿಂತು ಎಳೆ ಸೊಟ್ಟಗಾಯಿತು ಅನ್ನುತ್ತಿದ್ದರು. ನನಗೆ ಹಾಗೆ ಅನ್ನುವವರು ಯಾರೂ ಇಲ್ಲ.

ಫೆಬ್ರುವರಿ 27, ಗುರುವಾರ

ನಿನ್ನೆ ಶಿವರಾತ್ರಿಗೆ ಅಮೃತಾಪುರಕ್ಕೆ ಹೋಗಿದ್ದೆ. ಅಭಿಷೇಕಕ್ಕೆ ಸಾಲು ಉದ್ದ ಇತ್ತು. ನಾನು ಮಂಟಪದ ಹೊರಗೋಡೆ ಸುತ್ತುತ್ತಿದ್ದೆ. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಗೋಡೆಯ ಮೇಲೆ ಕತೆಯ ಫಲಕಗಳು 140 ಇವೆ. ದಕ್ಷಿಣಕ್ಕೆ ರಾಮಾಯಣದ್ದು 70. ಉತ್ತರಕ್ಕೆ ಕೃಷ್ಣನ ಕತೆ 25, ಮಹಾಭಾರತ 45.

ಚಿಕ್ಕಂದಿನಲ್ಲಿ ನೋಡಿದಾಗ ಬರೀ ನುಣುಪು ಕಂಡಿತ್ತು. ನಿನ್ನೆ ಬಿಸಿಲು ಓರೆಯಾದ ಮೇಲೆ ನೋಡಿದೆ. ಅಂಗೈಯಗಲದ ಆಳುಗಳು, ಕಣ್ಣು ಮೂಗು ಅಷ್ಟು ಸ್ಪಷ್ಟ ಇಲ್ಲ. ಆದರೂ ಯಾರು ಹೊಡೆಯುತ್ತಿದ್ದಾರೆ, ಯಾರು ಬೇಡುತ್ತಿದ್ದಾರೆ, ಯಾರು ಸುಮ್ಮನೆ ನಿಂತಿದ್ದಾರೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಸೊಂಟ ಎಷ್ಟು ಬಾಗಿದೆ, ಮಂಡಿ ಎಲ್ಲಿ ಮುರಿದಿದೆ, ತಲೆ ಯಾವ ಕಡೆಗೆ ವಾಲಿದೆ, ಇಷ್ಟರಲ್ಲೇ ಎಲ್ಲ ಇದೆ. ಮುಖದಲ್ಲಿ ದುಃಖ ಹುಡುಕುತ್ತ ಕೂತ ನಾನು ಇದನ್ನು ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಕೆಲಸ ಮಾಡಿದವರಲ್ಲಿ ರೂವಾರಿ ಮಲ್ಲಿತಮ್ಮ ಒಬ್ಬ. ಹೊಯ್ಸಳರ ಶಿಲ್ಪಿಗಳು ತಮ್ಮ ಕೆಲಸದ ಬುಡದಲ್ಲಿ ಹೆಸರು ಕೊರೆಯುತ್ತಿದ್ದರು. ಆರು ದಶಕ ಕಳೆದು ಸೋಮನಾಥಪುರದ ದೇವಾಲಯದಲ್ಲೂ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ನಾವೂ ಬೋರ್ಡಿನ ಬಲಮೂಲೆಯಲ್ಲಿ ಸಣ್ಣಗೆ ‘ಆರ್ಟ್ಸ್’ ಎಂದು ಹೆಸರು ಹಾಕುತ್ತಿದ್ದೆವು. ಗಿರಾಕಿಗಳು ಅದಕ್ಕೇನೂ ಅನ್ನುತ್ತಿರಲಿಲ್ಲ. ಫ್ಲೆಕ್ಸಿನಲ್ಲಿ ಬರೆದವನ ಹೆಸರೇ ಇರುವುದಿಲ್ಲ.

ಮಾರ್ಚ್ 8, ಶನಿವಾರ

ಅಕ್ಕನ ಮಗಳು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಮಧ್ಯಾಹ್ನ ಬಂದವಳು ಹಿತ್ತಲ ಕೋಣೆಗೆ ನುಗ್ಗಿ ಒಂದೊಂದೇ ಫ್ಲೆಕ್ಸ್ ತಿರುಗಿಸಿ ನೋಡಿದಳು.

“ಮಾಮ, ಇವೆಲ್ಲ ಚೆನ್ನಾಗಿದಾವೆ. ಚೆನ್ನಾಗಿರೋದೇ ಕಷ್ಟ.”

ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ್ದು. ಜರ್ಮನಿಯ ಕೇಥೆ ಕೋಲ್ವಿಟ್ಸ್ 1903ರಲ್ಲಿ ಮಾಡಿದ್ದು. ಚಕ್ಕಂಬಕ್ಕಳ ಹಾಕಿ ಕೂತ ತಾಯಿ ಸತ್ತ ಮಗುವನ್ನು ಅವುಚಿಕೊಂಡಿದ್ದಾಳೆ. ಮುಖ ಮಗುವಿನ ಎದೆಯಲ್ಲಿ ಹೂತು ಹೋಗಿದೆ. ಮೈಮೇಲೆ ಬಟ್ಟೆಯಿಲ್ಲ, ಹಿಂದೆ ಗೋಡೆಯಿಲ್ಲ, ಎಲ್ಲಿಯವಳು ಎಂದು ಹೇಳುವ ಒಂದು ವಸ್ತುವೂ ಇಲ್ಲ. ನೋಡಿದ ಕೂಡಲೇ ಮೊಬೈಲು ತಿರುಗಿಸಿ ಇಟ್ಟೆ. ಮತ್ತೆ ತೆಗೆದು ನೋಡಿದೆ.

ಇದನ್ನು ಬರೆದವಳು ಮಗು ಕಳಕೊಂಡ ಸಂಕಟದಲ್ಲಿ ಹಾಗೇ ಗೀಚಿರಬೇಕು ಅಂದುಕೊಂಡೆ. ಹುಡುಗಿ ಹೇಳಿದ ಕತೆ ಬೇರೆ. ಆಗ ಆಕೆಯ ಮಗ ಪೀಟರ್‌ಗೆ ಏಳು ವರ್ಷ, ಬದುಕಿದ್ದ. ಅವನನ್ನೇ ತೊಡೆಯ ಮೇಲೆ ಮಲಗಿಸಿಕೊಂಡು, ಕನ್ನಡಿ ಮುಂದೆ ಕೂತು, ತನ್ನ ತೋಳು ತನ್ನ ಕಾಲು ನೋಡಿ ನೋಡಿ ಬರೆದದ್ದು. ಹನ್ನೊಂದು ವರ್ಷದ ಮೇಲೆ, 1914ರ ಅಕ್ಟೋಬರಿನಲ್ಲಿ ಅದೇ ಪೀಟರ್ ಯುದ್ಧದಲ್ಲಿ ಸತ್ತ. ಆಗ ಆಕೆ ಅವನಿಗೊಂದು ಸ್ಮಾರಕ ಮಾಡಲು ಹೊರಟಳು. ಅದು ಮುಗಿದು ಬೆಲ್ಜಿಯಮ್ಮಿನ ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ. ಮಂಡಿಯೂರಿದ ಅಪ್ಪ, ಮಂಡಿಯೂರಿದ ಅವ್ವ, ಎರಡೇ ಆಕೃತಿ. ಸಂಕಟ ಇಲ್ಲದ ದಿನ ಕನ್ನಡಿ ನೋಡಿ ಬರೆದದ್ದು ಅಷ್ಟು ಹಸಿಯಾಗಿದೆ. ಸಂಕಟ ಬಂದ ಮೇಲೆ ಮಾಡಿದ್ದಕ್ಕೆ ಹದಿನೆಂಟು ವರ್ಷ ಹಿಡಿದಿದೆ.

ಸಂಜೆ ಹೋಗುವಾಗ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದು ಅಂಗಡಿಯ ಕನ್ನಡಿ ಹಿತ್ತಲ ಕೋಣೆಗೆ ತಂದೆ.

ಮಾರ್ಚ್ 19, ಬುಧವಾರ

ಎಂ.ಸಿ. ಹಳ್ಳಿಗೆ ಹೋಗಿ ಬಾಗಿಲು ತಂದೆ. ಅಕ್ಕ ಕೊಟ್ಟಿಗೆಗೆ ಕಬ್ಬಿಣದ ಗೇಟು ಹಾಕಿಸಿದ್ದಾಳೆ. ಹಳೇ ಬಾಗಿಲು ಗೋಡೆಗೆ ಒರಗಿಸಿಟ್ಟಿತ್ತು. ಹಲಸಿನ ಹಲಗೆಗಳು, ಮೂರು ಅಡ್ಡಪಟ್ಟಿ, ಅಗುಳಿ ಉಜ್ಜಿ ಉಜ್ಜಿ ಬಿದ್ದ ಕುಳಿ. ಕಾಡೊಳಗಿನ ನಮ್ಮ ಮನೆಯ ತಲೆಬಾಗಿಲು ಅದು.

“ಅದರ ಮೇಲೆ ಬಣ್ಣ ಬಳೀತೀಯೇನೋ? ಅಪ್ಪ ಮಾಡಿಸಿದ್ದು ಕಣೋ.”

“ಗೆದ್ದಲು ತಿನ್ನೋದಕ್ಕಿಂತ ಪರವಾಗಿಲ್ಲಲ್ವಾ ಅಕ್ಕ.”

ಅಕ್ಕ ಮಾತಾಡಲಿಲ್ಲ. ಆಮೇಲೆ ತಾನೇ ಒಂದು ತುದಿ ಹಿಡಿದು ಗೂಡ್ಸ್ ಆಟೊಕ್ಕೆ ಹಾಕಿಸಿದಳು.

ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ನಮ್ಮ ಊರೂ ಸೇರಿ ಒಳಗಿದ್ದ ಊರುಗಳನ್ನು 2001 ಮತ್ತು 2002ರಲ್ಲಿ ಹೊರಗೆ ತಂದರು. ನಾನೂರಕ್ಕೂ ಹೆಚ್ಚು ಮನೆತನ. ಬಹುಪಾಲು ಜನ ಎಂ.ಸಿ. ಹಳ್ಳಿಗೆ, ಉಳಿದವರು ಕೆಳಗೂರಿಗೆ. ಕಾಡಿನಲ್ಲಿ ಆನೆ ಬಂದರೆ ಗದ್ದೆ ಇಲ್ಲ, ಮಳೆ ಹಿಡಿದರೆ ದಾರಿ ಇಲ್ಲ, ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ತರಬೇಕಿತ್ತು. ಹೊರಗೆ ಬಂದದ್ದು ಒಳ್ಳೆಯದೇ ಆಯಿತು ಎಂದು ಅವ್ವನೇ ಎಷ್ಟೋ ಸಲ ಹೇಳಿದ್ದಾಳೆ. ಅಂದರೂ ಮಳೆಗಾಲದ ಮೊದಲ ದಿನ ಆ ಕಡೆ ತಿರುಗಿ ಕೂರುತ್ತಿದ್ದಳು. ಈ ಎರಡನ್ನೂ ಒಟ್ಟಿಗೆ ಬರೆಯಬೇಕು. ಒಂದನ್ನೇ ಬರೆದರೆ ಭಾಷಣವಾಗುತ್ತದೆ.

ಅವ್ವನ ಫೋಟೊ ಎಂದು ಇರುವುದು ಮತದಾರರ ಚೀಟಿಯದೊಂದೇ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ನೋಡುತ್ತಾಳೆ. ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ಅಂಗಡಿ ತೆಗೆಯಲಿಲ್ಲ. ಬೆಳಿಗ್ಗೆಯಿಂದ ಬಾಗಿಲಿನ ಮುಂದೆಯೇ.

ಹಲಗೆಯನ್ನು ಎಮರಿ ಪೇಪರಿನಲ್ಲಿ ಉಜ್ಜಲಿಲ್ಲ, ಪ್ರೈಮರ್ ಕೊಡಲಿಲ್ಲ. ಕೊಟ್ಟಿಗೆಯ ಹೊಗೆ, ಗಂಜಲದ ಕಲೆ ಇದ್ದಲ್ಲೇ ಇರಲಿ. ಸುಣ್ಣ, ಕೆಮ್ಮಣ್ಣು, ಇದ್ದಿಲು. ತೆಂಗಿನ ನಾರಿನ ಜುಟ್ಟು, ಬಟ್ಟೆ ಚೂರು, ಎರಡು ಕೈ. ಲಾರಿಯ ಮೇಲೆ, ಸಾಮಾನಿನ ನಡುವೆ ಕೂತ ಅವ್ವ. ಊರು ಬಿಟ್ಟ ದಿನ. ಆ ದಿನ ನಾನು ಅಲ್ಲಿರಲಿಲ್ಲ, ತರೀಕೆರೆಯಲ್ಲಿ ಕೆಲಸ ಕಲಿಯುತ್ತಿದ್ದೆ.

ಹೊತ್ತು ಏರಿದಂತೆ ಕೈ ಬಿಟ್ಟುಕೊಂಡಿತು. ಮೇಸ್ತ್ರಿಯ ಗೆರೆ ಎಲ್ಲಿಗೆ ಹೋಯಿತೋ. ಬಾಯಿ ತೆರೆದ ಅವ್ವ, ಎರಡೂ ಕೈ ತಲೆಯ ಮೇಲೆ, ಹಿಂದೆ ಕಾಡು ಪೂರ್ತಿ ಕಪ್ಪು, ಮೇಲೆ ಕೆಮ್ಮಣ್ಣಿನ ಮುಗಿಲು. ಕೊನೆಗೆ ಅಂಗೈಯಿಂದಲೇ ಎಳೆದೆ. ಬೆರಳ ಸಂದಿಯಲ್ಲಿ ಸುಣ್ಣ ತಿಂದು ಉರಿಯುತ್ತಿದೆ. ಅಳುತ್ತಲೇ ಬರೆದೆ ಎಂದು ಬರೆದಿಡಲು ನಾಚಿಕೆಯಿಲ್ಲ, ಇದನ್ನು ಓದುವವರು ಯಾರೂ ಇಲ್ಲ. ಈಗ ಮೈ ಹಗುರವಾಗಿದೆ. ಚಿತ್ರವನ್ನು ಮಾತ್ರ ಇವತ್ತು ನೋಡಬಾರದು, ಗೋಡೆಗೆ ತಿರುಗಿಸಿ ಮಲಗುತ್ತೇನೆ.

ಏಪ್ರಿಲ್ 12, ಶನಿವಾರ

ಒಂದು ರೆಸಾರ್ಟಿನವರು ಊಟದ ಹಾಲಿಗೆ ಗೋಡೆ ಚಿತ್ರ ಕೇಳಿದ್ದಾರೆ. ರಿವರ್ ಟರ್ನ್ ಹಕ್ಕಿ, ಹಿನ್ನೀರು, ಸೂರ್ಯಾಸ್ತ, ಸಾಧ್ಯವಾದರೆ ಒಂದು ಮೂಲೆಯಲ್ಲಿ ಹುಲಿ. ಒಪ್ಪಿಕೊಂಡೆ. ಅಡ್ವಾನ್ಸ್ ಕೊಟ್ಟರು. ಇದರಲ್ಲಿ ಸಣ್ಣತನ ಏನೂ ಇಲ್ಲ. ಬಾಡಿಗೆ, ಕರೆಂಟು, ಟರ್ಪೆಂಟೈನ್ ಎಲ್ಲ ಇಂಥ ಹುಲಿಗಳಿಂದಲೇ ನಡೆಯಬೇಕು. ರಾತ್ರಿಯ ಕೆಲಸದ ಮೇಲೆ ಹೊಟ್ಟೆಪಾಡಿನ ಭಾರ ಹೊರಿಸಿದರೆ ಅದೂ ಸೂರ್ಯಾಸ್ತವೇ ಆದೀತು.

ಹಕ್ಕಿ ನೋಡಲೆಂದು ಹಿನ್ನೀರಿನ ದಡಕ್ಕೆ ಹೋಗಿದ್ದೆ. ಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. 1947ರಲ್ಲಿ ಕೆಲಸ ಹಿಡಿದು 1965ಕ್ಕೆ ಮುಗಿಸಿದ್ದು. ಬೇಸಿಗೆಯಲ್ಲಿ ನಾಲೆಗಳಿಗೆ ಬಿಟ್ಟು ಬಿಟ್ಟು ನೀರು ಇಳಿದಾಗ ನಡುವೆ ನಡುಗಡ್ಡೆಗಳು ಬೋಳಾಗಿ ಮೇಲೇಳುತ್ತವೆ. ಟರ್ನ್‌ಗಳು ಮೊಟ್ಟೆ ಇಡಲು ಬರುವುದು ಅಲ್ಲಿಗೇ. ಗೂಡು ಕಟ್ಟುವುದಿಲ್ಲ, ಬರೀ ನೆಲದ ಕುಳಿಯಲ್ಲಿ ಇಡುತ್ತವೆ. ಬಿಸಿಲಿಗೆ ಮೊಟ್ಟೆ ಬೇಯದಂತೆ ತಾಯಿ ಅಥವಾ ತಂದೆ ಮೇಲೆ ನೆರಳಾಗಿ ನಿಲ್ಲುತ್ತದೆ. ರೆಸಾರ್ಟಿಗೆ ಬೇಕಾದದ್ದು ರೆಕ್ಕೆ ಬಿಚ್ಚಿ ಹಾರುವ ಹಕ್ಕಿ. ಕಾದ ನೆಲದ ಮೇಲೆ ಬಾಯಿ ತೆರೆದು ನಿಂತ ಹಕ್ಕಿಯನ್ನು ಬೇರೆ ಕಾಗದದಲ್ಲಿ ಬರೆದುಕೊಂಡೆ.

ಇದ್ದಿಲಿನಲ್ಲಿ ಬರೆಯಲು ಸರಿಯಾದ ವಸ್ತು ದಡದಲ್ಲಿದೆ. ಮುಳುಗಿದ ಕಾಡಿನ ಬೊಡ್ಡೆಗಳು. ಅರವತ್ತು ವರ್ಷ ನೀರು ಕುಡಿದು ಒಣಗಿ ನಿಂತಿವೆ. ಅಲ್ಲೇ ಕೂತು ಒಂದೊಂದು ಬೊಡ್ಡೆ ಬರೆದೆ. ಚಂದ ಮಾಡಲು ಹೋದರೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ, ಮೂಲ ಎದುರಿಗೇ ಇರುತ್ತದಲ್ಲ. ಬಾಗಿಲಿನ ಚಿತ್ರಕ್ಕೆ ಈ ಅನುಕೂಲ ಇರಲಿಲ್ಲ. ಅದನ್ನು ಇನ್ನೂ ತಿರುಗಿಸಿಲ್ಲ.

ಏಪ್ರಿಲ್ 27, ಭಾನುವಾರ

ಬಾಗಿಲು ತಿರುಗಿಸಿ ನೋಡಿದೆ. ಜೋರಾಗಿದೆ. ನೋಡಿದವರು ಅಬ್ಬ ಅನ್ನಬಹುದು. ನನಗೆ ಏನೋ ಇರಿಸುಮುರಿಸು. ಇಷ್ಟು ಜೋರಾಗಿ ಅವ್ವ ಯಾವತ್ತೂ ಮಾತಾಡಿದವಳಲ್ಲ.

ಅಕ್ಕನ ಮಗಳು ಇನ್ನೆರಡು ಪುಸ್ತಕ ತಂದುಕೊಟ್ಟಿದ್ದಾಳೆ. ಒಂದು ರವೀಂದ್ರನಾಥ ಠಾಕೂರರ ಚಿತ್ರಗಳದ್ದು. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋಗಿ ಅವು ಹಕ್ಕಿ, ಮೃಗ, ಮುಖ ಆದವು. ಅರವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಅದು. ಯಾರ ಬಳಿಯೂ ಕ್ರಮವಾಗಿ ಕಲಿಯಲಿಲ್ಲ. ಪೆನ್ನಿನ ಶಾಯಿ, ಬಟ್ಟೆ, ಬೆರಳು, ಕೈಗೆ ಸಿಕ್ಕಿದ್ದರಲ್ಲಿ ಬರೆದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ತೀರಿಕೊಳ್ಳುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರ. ಕಲಿಯದವನ ಕೈ ಎಂದು ಯಾರೂ ಅನ್ನಲಾಗದಂತೆ ಮಾಡಿದ್ದು ಆ ಎಣಿಕೆ. ಎರಡು ಸಾವಿರ ಚಿತ್ರ ಬರೆದವನಿಗೆ ಆ ಎರಡು ಸಾವಿರವೇ ಶಾಲೆ.

ಇನ್ನೊಂದು ನಾರ್ವೆಯ ಎಡ್ವರ್ಡ್ ಮುಂಕ್. ಹದಿನೈದು ವರ್ಷದ ಅಕ್ಕ ಕ್ಷಯದಿಂದ 1877ರಲ್ಲಿ ಸತ್ತಳು. ಎಂಟು ವರ್ಷ ಬಿಟ್ಟು ಅವಳನ್ನು ಬರೆಯಲು ಕೂತ. ಬಣ್ಣ ಬಳಿದ, ಕೆರೆದ, ಮತ್ತೆ ಬಳಿದ, ಮತ್ತೆ ಗೀರಿದ. 1886ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಜನ ನಕ್ಕರು. ಆದರೂ ಅದೇ ಹಾಸಿಗೆ, ಅದೇ ದಿಂಬು, ಅದೇ ಹುಡುಗಿಯನ್ನು ನಲವತ್ತು ವರ್ಷದಲ್ಲಿ ಆರು ಸಲ ಬಣ್ಣದಲ್ಲಿ ಬರೆದ. ಭಾವ ಉಕ್ಕಿದಾಗ ಒಂದೇ ಏಟಿಗೆ ಮುಗಿಸುವುದೇ ನಿಜವಾದ ಚಿತ್ರ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

“ಜನವರಿಗೆ ಚಿತ್ರಸಂತೆಗೆ ಹೋಗೋಣ ಮಾಮ,” ಅಂದಳು. ಚಿತ್ರಕಲಾ ಪರಿಷತ್ತಿನವರು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಸುವುದು. ಒಂದೇ ದಿನ, ರಸ್ತೆಯ ಎರಡೂ ಬದಿ ಚಿತ್ರ, ನಡುವೆ ಜನಸಾಗರ. ಹೋಗಬಹುದು. ಬೊಡ್ಡೆಗಳನ್ನೂ ಬಾಯಿ ತೆರೆದ ಹಕ್ಕಿಯನ್ನೂ ಒಯ್ಯಬಹುದು. ಬಾಗಿಲು ಒಯ್ಯುವುದಿಲ್ಲ ಅಂದೆ. ಭಾರ ಅಂತಾನಾ ಅಂದಳು. ಅದೂ ಹೌದು ಅಂದೆ.

ಮೇ 11, ಭಾನುವಾರ

ಅಕ್ಕ ಬಂದಿದ್ದಳು. ಮಾವಿನಕಾಯಿ, ಒಂದು ಚೀಲ ಅಕ್ಕಿ. ಕಾಫಿ ಕುಡಿದು ಲೋಟ ಹಿಡಿದೇ ಹಿತ್ತಲ ಕೋಣೆಗೆ ಬಂದಳು. ಬಾಗಿಲಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ನಾನು ಅವಳ ಕಣ್ಣಲ್ಲಿ ನೀರು ಬರುತ್ತದೇನೋ ಎಂದು ಕಾಯುತ್ತಿದ್ದೆ.

“ಇದು ಯಾರೋ?”

“ಅವ್ವ. ಲಾರಿ ಮೇಲೆ.”

“ಅವ್ವ ಅವತ್ತು ಅಳ್ಲಿಲ್ಲ ಕಣೋ.” ಲೋಟ ಕೆಳಗಿಟ್ಟಳು. “ಈ ಬಾಗಿಲನ್ನೇ ಸಾಮಾನಿನ ಮೇಲೆ ಅಡ್ಡ ಹಾಕಿದ್ರು. ಇದರ ಮೇಲೇ ಕೂತಿದ್ದಳು. ಎಡಗಾಲು ಮಡಿಸಿ, ಬಲಗಡೆ ಮಂಡಿ ಎತ್ತಿ, ಮಂಡಿ ಮೇಲೆ ಕೈ. ಧೂಳಿಗೆ ಸೆರಗು ಕಣ್ಣಿನವರೆಗೂ ಎಳ್ಕೊಂಡಿದ್ದಳು. ಎಲೆಅಡಿಕೆ ಹಾಕ್ಕೊಂಡು ಜಗೀತಾ ಇದ್ದಳು. ಇನ್ನೊಂದು ಕೈ ಕೋಳಿ ಬುಟ್ಟಿ ಮೇಲೆ. ಬುಟ್ಟಿ ಅಲ್ಲಾಡ್ತಿತ್ತು, ಅದನ್ನ ಬಿಟ್ಟು ಬೇರೆ ಕಡೆ ನೋಡ್ಲೇ ಇಲ್ಲ. ಹಿಂಗೆ ತಲೆ ಮೇಲೆ ಕೈ ಹೊತ್ಕೊಂಡು ಕೂರೋ ಹೆಂಗಸಾ ಅವ್ವ?”

ಹೇಳುತ್ತ ಹೇಳುತ್ತ ಅಕ್ಕ ನೆಲದ ಮೇಲೆ ಹಾಗೇ ಕೂತು ತೋರಿಸಿದಳು. ಬಲಮಂಡಿ ಎತ್ತಿ, ಮಣಿಕಟ್ಟು ಮಂಡಿಯ ಮೇಲೆ ಜೋತುಬಿಟ್ಟು. ಬೆನ್ನು ಬಾಗಿರಲಿಲ್ಲ, ಕತ್ತು ಮಾತ್ರ ಮುಂದಕ್ಕೆ. ನಾನು ಇದ್ದಿಲು ತಗೊಂಡು ಫ್ಲೆಕ್ಸಿನ ಬೆನ್ನ ಮೇಲೆ ಬರೆದೆ, ಏಳಬೇಡ ಅಕ್ಕ ಎನ್ನುತ್ತ ಇನ್ನೊಂದು ಬರೆದೆ, ಪಕ್ಕದಿಂದ ಇನ್ನೊಂದು. ಕಾಲು ಜೋಮು ಹಿಡಿಯಿತು ಎಂದು ಬೈದು ಎದ್ದಳು.

ಕೈಯೆತ್ತಿ ಅಳುತ್ತಿದ್ದವನು ನಾನು. ಅಲ್ಲಿರದೆ ಹೋದದ್ದಕ್ಕೆ, ಕೊನೆಗೂ ಕೇಳದೆ ಹೋದದ್ದಕ್ಕೆ. ಅದು ನನ್ನ ಚಿತ್ರ ಆಗಬಹುದು, ನನ್ನ ಮುಖ ಹಾಕಿ ಬರೆಯಬೇಕು. ಅವ್ವನ ಮೈಮೇಲೆ ಹಾಕಬಾರದು. ಅವಳ ದುಃಖ ಕೋಳಿ ಬುಟ್ಟಿಯ ಮೇಲಿಟ್ಟ ಕೈಯಲ್ಲಿತ್ತು.

ಹುಣಸೆ ಅಂಟಿನ ಬಣ್ಣ ಒದ್ದೆ ಬಟ್ಟೆಗೆ ಬಿಡುತ್ತದೆ. ರಾತ್ರಿ ಊಟ ಮಾಡಿ ಕೂತು ಪೂರ್ತಿ ತೊಳೆದೆ. ಫೆವಿಕಾಲ್ ಹಾಕಿದ್ದರೆ ಆಗುತ್ತಿರಲಿಲ್ಲ. ಕೆಂಪು ಹಲಗೆಯ ಬಿರುಕಿಗೆ ಇಳಿದಿದೆ, ಅದು ಹೋಗದು, ಹೋಗಬೇಕಾಗಿಯೂ ಇಲ್ಲ.

ಮೇ 28, ಬುಧವಾರ

ಮುಂಗಾರು ಈ ಸಲ ವಾರ ಮುಂಚೆಯೇ ಬಂದುಬಿಟ್ಟಿದೆ. ಬಿಟ್ಟೂ ಬಿಡದೆ ಸುರಿಯುತ್ತಿದೆ. ಬಣ್ಣ ಆರುತ್ತಿಲ್ಲ, ಬಾಗಿಲನ್ನು ಒಲೆಯ ಪಕ್ಕ ಇಟ್ಟಿದ್ದೇನೆ.

ಮುಗಿಯಿತು ಎನ್ನಬಹುದು. ಬಲಮಂಡಿ ಬಾಗಿಲಿನ ಮಧ್ಯದ ಅಡ್ಡಪಟ್ಟಿಗೆ ಬಂದಿದೆ. ಮರದ ಉಬ್ಬೇ ಮಂಡಿಯ ಉಬ್ಬು. ಕೈ ಅದರಿಂದ ಇಳಿಬಿದ್ದಿದೆ. ಸೆರಗಿಗೆ ಸುಣ್ಣ, ದಪ್ಪಗೆ, ಬಟ್ಟೆಯಿಂದ ಒಂದೇ ಎಳೆತ. ಜಗುಲಿಗೆ ಅವ್ವ ಎಳೆಯುತ್ತಿದ್ದಂತೆ ಮೂರು ಬೆರಳಲ್ಲಿ. ಸೆರಗಿನ ಕೆಳಗೆ ಮುಖ ಬರೆಯಲಿಲ್ಲ. ಅಲ್ಲಿದ್ದ ಬಣ್ಣವನ್ನು ಹಲಸಿನ ಹಳದಿ ಕಾಣುವವರೆಗೆ ಮೊಂಡು ಚಾಕುವಿನಿಂದ ಕೆರೆದೆ. ಬುಟ್ಟಿ ಮಾತ್ರ ಕಡ್ಡಿ ಕಡ್ಡಿ ಬಿಡಿಸಿ ಬರೆದಿದ್ದೇನೆ. ಅಲ್ಲಿ ಮೇಸ್ತ್ರಿ ಕಲಿಸಿದ ಕೈ ಕೆಲಸಕ್ಕೆ ಬಂತು. ಉಸಿರು ಹಿಡಿದೇ ಎಳೆದೆ. ಚೊಕ್ಕ ಕೈಯನ್ನು ಕಡಿದು ಹಾಕಬೇಕಾಗಿರಲಿಲ್ಲ, ಅದಕ್ಕೆ ಎಲ್ಲಿ ಕೆಲಸ ಎಂದು ಗೊತ್ತಾಗಬೇಕಿತ್ತು.

ಅಕ್ಕನಿಗೆ ಫೋಟೊ ಕಳಿಸಿದೆ. ಮಂಡಿ ಸರಿಯಾಗಿದೆ, ಬುಟ್ಟಿ ಸ್ವಲ್ಪ ದೊಡ್ಡದಾಯಿತು ಅಂದಳು. ಬುಟ್ಟಿ ಹಾಗೇ ಇರಲಿ ಎಂದು ನಾನೇ ತೀರ್ಮಾನಿಸಿದೆ. ಬಿಸಿಲು ಬಿದ್ದ ಮೇಲೆ ಬಾಗಿಲು ಎಂ.ಸಿ. ಹಳ್ಳಿಗೆ ಹೋಗುತ್ತದೆ, ನಡುಮನೆಯ ಗೋಡೆಗೆ. ಅಳುವವನ ಚಿತ್ರ ಬೇರೆ ಹಲಗೆಯಲ್ಲಿ, ಕನ್ನಡಿ ಇಟ್ಟುಕೊಂಡು ಬರೆಯುವುದಿದೆ.

ಗುರುವಿಲ್ಲದೆ ಬರೆಯುವವನಿಗೆ ಎಲ್ಲರೂ ಹೇಳುವ ಮಾತು ಒಂದೇ: ಮನಸ್ಸಿಗೆ ಬಂದಂತೆ ಬರಿ, ಒಳಗಿದ್ದದ್ದನ್ನು ಹೊರಗೆ ಹಾಕು. ಒಳಗಿದ್ದದ್ದು ಹೊರಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲ, ಅಳು ಬಂದಾಗ ತಾನೇ ಬರುತ್ತದೆ. ಮಂಡಿ ಎಲ್ಲಿತ್ತು, ಕೈ ಯಾವುದರ ಮೇಲಿತ್ತು ಎಂಬುದು ಮಾತ್ರ ನೋಡಿದವರನ್ನು ಕೇಳಿಯೇ ಬರೆಯಬೇಕಾದದ್ದು.